ಬೆನ್ನಿಗೆ ಕಟ್ಟಿದ ಕತ್ತಾಳೆ ಬೆಂಡು

ನಮ್ಮ ಬಾತ್‌ರೂಮಿನ ಬಾಗಿಲ ಹಿಂದೆ ಕೆಲವು ತಿಂಗಳಿಂದ ಹಳದಿ ಬಣ್ಣದ ಫೋಮ್ ಹಲಗೆಯೊಂದು ನೇತಾಡುತ್ತಿದೆ. ಮೊಮ್ಮಗಳು ಇಶಾಳ ಸ್ವಿಮ್ಮಿಂಗ್ ಕ್ಲಾಸಿನ ಸಾಮಾನು ಅದು. ಅದರ ಪಕ್ಕದಲ್ಲಿ ಗಾಗಲ್ಸು, ತಲೆಗೆ ರಬ್ಬರ್ ಟೋಪಿ, ಮೂಗಿಗೊಂದು ಕ್ಲಿಪ್ಪು, ಬೇಗ ಒಣಗುವ ಟವಲು. ಇಷ್ಟನ್ನೂ ತೊಟ್ಟುಕೊಂಡು ಅವಳು ನೀರಿಗಿಳಿಯುವುದನ್ನು ನೋಡಿದರೆ ಚಂದ್ರಲೋಕಕ್ಕೆ ಹೊರಟವಳಂತೆ ಕಾಣುತ್ತಾಳೆ. ನೀರು ಮಾತ್ರ ಅವಳ ಎದೆಮಟ್ಟ.

ಶನಿವಾರ ಅವಳ ಜೊತೆಗೆ ಹೋಗುವ ಡ್ಯೂಟಿ ನನ್ನದು. ಕೊಳದ ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತಾಯಂದಿರು ಕೂತಿರುತ್ತಾರೆ. ಮಗು ಮುಳುಗಿದರೆ ಒಂದು ವಿಡಿಯೋ, ಎದ್ದರೆ ಇನ್ನೊಂದು ವಿಡಿಯೋ. ಕೋಚ್ ಸೀಟಿ ಊದುತ್ತಾನೆ, "ಗುಡ್ ಜಾಬ್, ಗುಡ್ ಜಾಬ್" ಎನ್ನುತ್ತಾನೆ. ಅಲ್ಲಿಯವರೆಗೆ ಯಾರೂ ಏನೂ ಜಾಬ್ ಮಾಡಿರುವುದಿಲ್ಲ, ಹಲಗೆ ಹಿಡಿದು ಕಾಲು ಬಡಿದಿರುತ್ತಾರೆ ಅಷ್ಟೆ. ಈ ಮಾತನ್ನು ಮನೆಗೆ ಬಂದು ನನ್ನ ಮಗಳು ಸುನೀತಾಳ ಎದುರು ಆಡಿದರೆ, "ಅಮ್ಮಾ, ಪ್ಲೀಸ್, ಮಕ್ಕಳನ್ನ ಡಿಸ್ಕರೇಜ್ ಮಾಡಬೇಡ. ಇಟ್ಸ್ ಎ ಲೈಫ್ ಸ್ಕಿಲ್" ಎಂದು ನನಗೇ ಪಾಠ.

ಲೈಫ್ ಸ್ಕಿಲ್! ಆ ಮಾತು ಕೇಳಿದ ದಿನ ನಾನು ಸುಮ್ಮನೆ ಬಾತ್‌ರೂಮಿಗೆ ಹೋಗಿ ಆ ಹಳದಿ ಹಲಗೆಯನ್ನು ತೆಗೆದು ಮೂಸಿ ನೋಡಿದೆ. ನಗಬೇಡಿ. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ನನ್ನ ಕಾಲದ ಫ್ಲೋಟ್‌ಗೆ ವಾಸನೆ ಇತ್ತು. ಹಸಿ ಹಗ್ಗದ್ದು, ಪಾಚಿಯದ್ದು, ಬಿಸಿಲಿಗೆ ಒಣಗಿದ ಯಾವುದೋ ಗಿಡದ್ದು. ಎಲ್ಲವೂ ಸೇರಿ ಸ್ವಲ್ಪ ಹಳೆಯ ಬೆಲ್ಲದ ಹಾಗೆ.

ಅದು ಕತ್ತಾಳೆ ಬೆಂಡು. ನಮ್ಮ ಸೀಮೆಯಲ್ಲಿ ಹೊಲದ ಬೇಲಿಗೆಲ್ಲ ಕತ್ತಾಳೆ ಬೆಳೆಯುತ್ತಿತ್ತಲ್ಲ, ಅದರ ನಡುವಿನಿಂದ ವರ್ಷಗಟ್ಟಲೆ ಕಾದು ಒಂದು ದಿನ ದೀಪಸ್ತಂಭದ ಹಾಗೆ ಉದ್ದನೆಯ ಹೂದಂಡು ಏಳುತ್ತದೆ. ಹೂ ಬಿಟ್ಟ ಮೇಲೆ ಗಿಡ ಸಾಯುತ್ತದೆ, ದಂಡು ಒಣಗುತ್ತದೆ. ಒಣಗಿದ ದಂಡನ್ನು ಕಡಿದರೆ ಒಳಗೆಲ್ಲ ಹಗುರ ಬೆಂಡು. ಮೊಳದುದ್ದದ ತುಂಡುಗಳನ್ನು ಜೋಡಿಸಿ ಮಗುವಿನ ಬೆನ್ನಿಗೆ ಹಗ್ಗದಲ್ಲಿ ಬಿಗಿದು ಬಾವಿಗೆ ತಳ್ಳಿದರೆ ಮುಳುಗೋಣವೆಂದರೂ ಮುಳುಗಲಾಗದು. ಇದರ ಜಾಣತನ ಇರುವುದು ಮುಂದೆ. ಕಲಿಸುವವರು ಆಗಾಗ ಕುಡುಗೋಲಿನಿಂದ ಬೆಂಡನ್ನು ಒಂದೊಂದು ಚೂರು ಕೆತ್ತುತ್ತಾ ಹೋಗುತ್ತಾರೆ. ಎಷ್ಟು ಕೆತ್ತಿದರೆಂದು ಮಗುವಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅದಿರುವುದು ಬೆನ್ನ ಮೇಲೆ! ಬೆಂಡು ಸಣ್ಣದಾದಷ್ಟೂ ಕೈಕಾಲು ತಾವೇ ಹೆಚ್ಚು ದುಡಿಯುತ್ತವೆ. ಕೊನೆಗೊಂದು ದಿನ ಉಳಿದ ಸೀಳನ್ನೂ ಬಿಚ್ಚಿ ಹಾಕಿದರೆ ಈಜು ಬಂದ ಹಾಗೆ. ಬೆಂಡು ಕಟ್ಟಿಕೊಂಡು ಎಷ್ಟೇ ಈಜಿದರೂ ಅದು ಲೆಕ್ಕಕ್ಕಿಲ್ಲ.

ನಾನು ಇದನ್ನೆಲ್ಲ ಕಲಿಯುವ ಸಂಭವವೇ ಇರಲಿಲ್ಲ. ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದರು. ಮಧುಗಿರಿ, ಶಿರಾ, ಪಾವಗಡ ಎಂದು ನಮ್ಮ ಸಂಸಾರ ಟ್ರಂಕುಗಳ ಮೇಲೆಯೇ ನಡೆಯುತ್ತಿತ್ತು. ಐವತ್ತರ ದಶಕದ ಕೊನೆಯ ಮಾತು. ಈ ತಿರುಗಾಟದಲ್ಲಿ ಹುಡುಗಿಯ ಓದು ಹಾಳಾಗುತ್ತದೆಂದು ನನ್ನನ್ನು ತುಮಕೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು. ಅಲ್ಲಿ ಸ್ನಾನವನ್ನೂ ಉದ್ದನೆಯ ಷಿಮೀಸು ತೊಟ್ಟೇ ಮಾಡಬೇಕು. ದೇವದೂತರು ನೋಡುತ್ತಿರುತ್ತಾರಂತೆ. ಇನ್ನು ಪಾವಗಡದಲ್ಲಿ ಅಪ್ಪ ಇದ್ದ ವರ್ಷ ರಜೆಗೆ ಹೋದರೆ ಸ್ನಾನವೇ ಒಂದು ಹಬ್ಬ. ಗಾಡಿಯಲ್ಲಿ ನೀರು ತರುವವನು ಖಾಲಿ ಪೀಪಾಯಿಯ ಮೇಲೆ ಕೂತು, "ನೀಳ್ಳು ಲೇವಮ್ಮಾ, ರೇಪು ಚೂಸ್ತಾಂ" ಎಂದು ತೆಲುಗಿನಲ್ಲಿ ನಾಳೆಯ ಮಾತು ಹೇಳಿ ಮುಂದೆ ಹೊರಟುಬಿಡುತ್ತಿದ್ದ. ಅಲ್ಲಿ ಮುಖ ತೊಳೆದ ನೀರು ಕಾಲಿಗೆ, ಕಾಲು ತೊಳೆದ ನೀರು ಕರಿಬೇವಿನ ಗಿಡಕ್ಕೆ. ಈಜು ಎಂಬ ಪದ ಆ ಊರಿನ ಮಕ್ಕಳ ಬಾಯಲ್ಲಿ ನಾನು ಕೇಳಿದ ನೆನಪೇ ಇಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಎಂದರೆ ಅಮ್ಮ. ಅಮ್ಮನಿಗೆ ಬಾವಿಯೆಂದರೆ ಆಗುತ್ತಿರಲಿಲ್ಲ. ಹೊಸ ಊರಿಗೆ ಹೋದಾಗ ಬೇರೆ ಹೆಂಗಸರು ಅಡುಗೆಮನೆಗೆ ಬೆಳಕಿದೆಯೇ, ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳಿದರೆ, ಅಮ್ಮ ಕೇಳುತ್ತಿದ್ದುದು ಒಂದೇ, "ಹಿತ್ತಲಲ್ಲಿ ಬಾವಿ ಇದೆಯಾ?" ಶಿರಾದ ಬಾಡಿಗೆ ಮನೆಯಲ್ಲಿ ಒಂದು ಒಳ್ಳೆಯ ಸಿಹಿನೀರಿನ ಬಾವಿ ಇತ್ತು. ಅಮ್ಮ ಅದಕ್ಕೆ ಹಲಗೆ ಮುಚ್ಚಿಸಿ, ಹಲಗೆಯ ಮೇಲೆ ಒರಳುಕಲ್ಲು ಇಡಿಸಿ, ನೀರನ್ನು ಪಕ್ಕದ ಮನೆಯಿಂದ ತರಿಸುತ್ತಿದ್ದಳು. ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಅರೆ, ಮನೇಲಿ ಮೀಠಾ ಪಾನಿ ಇಟ್ಕೊಂಡಿ ನಮ್ದುಕೆ ಮನೆಗೆ ಬಿಂದಿಗೆ ತರ್ತೀರಲ್ಲ ಅಮ್ಮಾ! ಬಾವಿ ಏನು ಮಾಡ್ತು ನಿಮಗೆ?" ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಹಲಗೆ ಮಾತ್ರ ತೆಗೆಸುತ್ತಿರಲಿಲ್ಲ.

ಏಕೆಂದು ನನಗೆ ಗೊತ್ತಿದ್ದದ್ದು ಇಷ್ಟೇ. ಅಮ್ಮನಿಗೆ ಪುಟ್ಟಕ್ಕ ಎಂಬ ಅಕ್ಕ ಇದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಊರಿನ ಬಾವಿಯಲ್ಲಿ ಕಾಲು ಜಾರಿ ಬಿದ್ದಳು. ನಮ್ಮ ಮನೆಯಲ್ಲಿ ಆ ವಾಕ್ಯ ಯಾವಾಗಲೂ ಹೀಗೆಯೇ, ಇದೇ ಪದಗಳಲ್ಲಿ ಬರುತ್ತಿತ್ತು, ಕಾನ್ವೆಂಟಿನ ಪ್ರೇಯರ್ ಹಾಗೆ. ಕಾಲು ಜಾರಿ ಬಿದ್ದಳು. ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಬೇಸಿಗೆಯಲ್ಲಿ ನಾವಿದ್ದ ಮಧುಗಿರಿಯ ಬೀದಿಯಲ್ಲಿ ಮನೆಮನೆಗೂ ಸಿಡುಬು ಹತ್ತಿಕೊಂಡಿತು. ನನ್ನನ್ನು ಕಾನ್ವೆಂಟಿನಿಂದ ನೇರವಾಗಿ ಕೊರಟಗೆರೆಯ ಆಚೆಗಿದ್ದ ಅಜ್ಜಿಯ ಊರಿಗೆ ಕಳಿಸುವುದೆಂದಾಯಿತು. ಕರೆದೊಯ್ಯಲು ಬಂದವನು ಅಮ್ಮನ ತಮ್ಮ, ಗಂಗಣ್ಣ ಮಾವ. ಅಮ್ಮ ತುಮಕೂರಿನ ಬಸ್‌ಸ್ಟ್ಯಾಂಡಿಗೇ ಬಂದು ಅವನಿಂದ ಮಾತು ತೆಗೆದುಕೊಂಡಳು. "ಬಾವಿ ಹತ್ರಕ್ಕೆ ಬಿಡಕೂಡದು. ಕೇಳಿಸ್ತಾ?" "ಆಯ್ತಕ್ಕಾ" ಎಂದ. ಗಂಗಣ್ಣ ಮಾವ ಎಲ್ಲರಿಗೂ "ಆಯ್ತು" ಎನ್ನುವ ಮನುಷ್ಯ. ಅದು ಆಮೇಲೆ ತಿಳಿಯಿತು.

ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದಳು. ನನ್ನ ಬಿಳಿ ಫ್ರಾಕು, ಬೂಟು, ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲನ್ನು ಮೇಲಿಂದ ಕೆಳಗೆ ನೋಡಿದಳು.

"ಏನಮ್ಮಿ, ಇಂಗ್ಲೀಸು ಬತ್ತದಂತೆ?"

"ಬರತ್ತೆ ಅಜ್ಜಿ."

"ಈಜು ಬತ್ತದಾ?"

"ಇಲ್ಲ."

"ಮತ್ತೇನ್ ಕಲಿಸ್ತಾರೆ ನಿಂಗೆ ಆ ಬಿಳಿ ಬಟ್ಟೆಯೋರು?"

ನಾನು ಬಹಳ ಸೀರಿಯಸ್ಸಾಗಿ, ಮಾರಲ್ ಸೈನ್ಸು, ಸಿಂಗಿಂಗು, ಕ್ರಾಸ್ ಸ್ಟಿಚ್ಚು ಎಂದು ಒಪ್ಪಿಸಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, "ನೀರಿಗ್ ಬಿದ್ರೆ ಸ್ಟಿಚ್ಚು ಹಾಕ್ಕಂಡು ತೇಲ್ತೀಯೇನಮ್ಮಿ? ಲೇ ಗಂಗಣ್ಣ, ನಾಳಿಕೆ ಬೆಂಡು ಕಡ್ಕಂಬಾ" ಎಂದಳು.

"ಅಕ್ಕನ್ಗೆ ಮಾತ್ ಕೊಟ್ಟಿವ್ನಿ ಕಣವ್ವಾ."

"ನೀನ್ ಕೊಟ್ಟಿದ್ದೀಯ. ನಾನ್ ಕೊಟ್ಟಿದ್ದೀನಾ?"

"ಆಯ್ತವ್ವಾ" ಎಂದ ಮಾವ.

ತೋಟದ ಬಾವಿ ದೊಡ್ಡದು, ಕಪಿಲೆ ಬಾವಿ. ಎತ್ತುಗಳು ಚರ್ಮದ ದೊಡ್ಡ ಚೀಲದಲ್ಲಿ ನೀರೆಳೆಯುತ್ತಿದ್ದ ಕಾಲ. ಮಧ್ಯಾಹ್ನ ಎತ್ತುಗಳಿಗೆ ವಿಶ್ರಾಂತಿ ಕೊಟ್ಟಾಗ ಬಾವಿ ಮಕ್ಕಳ ಪಾಲಿಗೆ. ಒಂದು ಬದಿಯಲ್ಲಿ ಕಲ್ಲುಮೆಟ್ಟಿಲು ನೀರಿನೊಳಕ್ಕೆ ಇಳಿದುಹೋಗಿತ್ತು. ಊರಿನ ಹುಡುಗರು ಮೇಲಿಂದ ಧುಮುಕುತ್ತಿದ್ದರು. ಹುಡುಗಿಯರು ದಡದಲ್ಲಿ ಬಟ್ಟೆ ಕಾಯುತ್ತಿದ್ದರು. ಅಂಥ ಜಾಗಕ್ಕೆ ಫ್ರಾಕು ತೊಟ್ಟು, ಬೆನ್ನಿಗೆ ಬೆಂಡಿನ ಹೊರೆ ಹೊತ್ತು ನಾನು ಬಂದೆನೆಂದರೆ ಅವರಿಗೆ ಆ ಬೇಸಿಗೆಗೆ ಸಾಕಾಗುವಷ್ಟು ತಮಾಷೆ ಸಿಕ್ಕಿತು. ನೀರಿಗೆ ಬಿದ್ದ ಕೂಡಲೇ ನನ್ನ ಫ್ರಾಕು ಕೊಡೆಯ ಹಾಗೆ ಅರಳಿತು. "ಲೇ, ಕಾನ್ವೆಂಟ್ ಕಪ್ಪೆ ಕಣ್ಲಾ!" ಎಂದು ಒಬ್ಬ ಕೂಗಿದ. ಅಲ್ಲಿಂದ ಮುಂದೆ ನನಗೆ ಅದೇ ಹೆಸರು.

ನಾನೂ ಕಡಿಮೆಯವಳಲ್ಲ. ನಮ್ಮ ಸ್ಕೂಲ್ ಲೈಬ್ರರಿಯ ಯಾವುದೋ ಪುಸ್ತಕದಲ್ಲಿ ಬ್ರೆಸ್ಟ್ ಸ್ಟ್ರೋಕಿನ ಚಿತ್ರ ನೋಡಿದ್ದೆ. ಅದನ್ನು ಬೆಳಿಗ್ಗೆ ಕಣದಲ್ಲಿ ಹುಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಪ್ರಾಕ್ಟೀಸ್ ಮಾಡುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು, "ಅಮಕ್ಕೋ, ಮಗೀಗೇನೋ ಮೈಮ್ಯಾಲ್ ಬಂದದೆ ಬನ್ನಿ" ಎಂದು ಅಜ್ಜಿಯನ್ನು ಕರೆದರು. ನೀರಿಗಿಳಿಯುವ ಮೊದಲು ನಾನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದೆ. ಅಜ್ಜಿ ಅದಕ್ಕೇನೂ ಅನ್ನಲಿಲ್ಲ, "ಅದ್ನೂ ಮಾಡು, ಗಂಗಮ್ಮಂಗೂ ಕೈ ಮುಗಿ. ಯಾರ್ ಎತ್ತಾಕ್ತಾರೋ ಯಾರಿಗ್ಗೊತ್ತು" ಎಂದಳು.

ನಮ್ಮ ಕಾಲವೇ ಚೆಂದ ಎಂದು ಹೇಳಲು ನಾನು ಹೊರಟಿಲ್ಲ, ನಂಬಿ. ಬಾಲ್ಯದ ವಿಷಯ ಬಂದಾಗ ನನ್ನ ವಯಸ್ಸಿನವರು ಸೇರಿದರೆ ಸಾಕು, ನಾವು ಬಾವಿಗೆ ಹಾರಿದ್ದು, ಮರದಿಂದ ಬಿದ್ದದ್ದು, ಮೊಣಕಾಲಿಗೆ ಕಾಫಿಪುಡಿ ಮೆತ್ತಿಕೊಂಡದ್ದು, ಎಲ್ಲ ಮೆಡಲ್‌ಗಳ ಹಾಗೆ ಹೊರಗೆ ಬರುತ್ತವೆ. ನಿಜ ಹೇಳಬೇಕೆಂದರೆ ನಮ್ಮನ್ನು ಯಾರೂ ಗಮನಿಸುತ್ತಿರಲಿಲ್ಲ. ಅದಕ್ಕೆ ನಾವೀಗ ಫ್ರೀಡಂ ಎಂದು ಹೆಸರಿಟ್ಟಿದ್ದೇವೆ. ನನ್ನ ಮಗಳ ಕಾಲಕ್ಕೆ ನಾವು ಗಮನಿಸಿದೆವು, ಆದರೆ ಮಾರ್ಕ್ಸ್‌ಕಾರ್ಡನ್ನು. ಪಾಪ, ಸುನೀತಾ ಈಜು ಕಲಿತದ್ದು ಮೂವತ್ತು ದಾಟಿದ ಮೇಲೆ, ಬೆನ್ನುನೋವಿಗೆ ಡಾಕ್ಟರು ಹೇಳಿದರೆಂದು. ಇಶಾಳನ್ನೋ ಎಲ್ಲರೂ ಎಲ್ಲ ಹೊತ್ತೂ ಗಮನಿಸುತ್ತಾರೆ. ಅವಳು ಬಿದ್ದರೆ ಎತ್ತುವವರು ಕಾದು ನಿಂತಿರುತ್ತಾರೆ. ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ. ಐ ಹ್ಯಾವ್ ನೋ ಐಡಿಯಾ.

ಆ ಬೇಸಿಗೆಯಲ್ಲಿ ನನಗೆ ಇದ್ದದ್ದು ಒಂದೇ ಯೋಚನೆ. ಶಾಲೆ ಶುರುವಾಗುವ ಮುಂಚೆ ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ. ಅವಳು ಬಂದಳೆಂದರೆ ಬಾವಿಗೆ ಮತ್ತೆ ಹಲಗೆ, ಹಲಗೆಯ ಮೇಲೆ ಒರಳುಕಲ್ಲು, ನನ್ನ ಪಾಲಿಗೆ ಜೀವಮಾನಕ್ಕೆ. ಅಷ್ಟರೊಳಗೆ ಬೆಂಡಿಲ್ಲದೆ ಒಂದು ಸಲ, ಒಂದೇ ಸಲ, ಈ ದಡದಿಂದ ಆ ದಡ ಮುಟ್ಟಬೇಕು. "ಮಾವ, ಇವತ್ತು ಬಿಚ್ಚು" ಎಂದು ದಿನವೂ ಗೋಗರೆಯುತ್ತಿದ್ದೆ. ಮಾವ ಕುಡುಗೋಲು ಮಸೆಯುತ್ತಾ, "ಆಯ್ತಮ್ಮಿ" ಎನ್ನುತ್ತಿದ್ದ. ಚೂರು ಕೆತ್ತಿ ಮತ್ತೆ ಕಟ್ಟುತ್ತಿದ್ದ. ಕೊನೆಕೊನೆಗೆ ಬೆನ್ನಿಗೆ ಉಳಿದದ್ದು ಬಳೆಯ ಪೆಟ್ಟಿಗೆಯಷ್ಟು ಗಾತ್ರದ ಸೀಳು. ಅದು ನನ್ನನ್ನು ತೇಲಿಸುವಂತಿರಲಿಲ್ಲ. ಆದರೂ ಅದು ಇದೆಯೆಂಬ ಧೈರ್ಯಕ್ಕೇ ನಾನು ತೇಲುತ್ತಿದ್ದೆ.

ಅಮ್ಮ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಳು. ಅಪ್ಪನಿಗೆ ಮತ್ತೆ ಪಾವಗಡಕ್ಕೆ ಟ್ರಾನ್ಸ್‌ಫರ್ ಆಗಿ, ಮನೆಯ ಸಾಮಾನು ಕಟ್ಟುವ ಮೊದಲು ನನ್ನನ್ನು ಕರೆದೊಯ್ಯೋಣವೆಂದು ಬಂದವಳು. ಬಸ್ಸಿಳಿದು ನಡೆದು ಊರೊಳಗೆ ಬಂದರೆ ಮನೆಗೆ ಚಿಲಕ. ಎದುರುಮನೆಯವಳನ್ನು ಕೇಳಿದ್ದಾಳೆ. ಆಕೆ ಮೊರದಲ್ಲಿ ರಾಗಿ ಕೇರುತ್ತಾ, ತಲೆಯೆತ್ತದೆ, "ಎಲ್ಲಾರೂ ಬಾವಿ ತಾವ ಅವ್ರೆ ಕಣಮ್ಮ. ನಿನ್ ಮಗೀನೂ ಅಲ್ಲೇ" ಎಂದಿದ್ದಾಳೆ.

ಆ ಮಾತಿನಲ್ಲಿ ಎದುರುಮನೆಯವಳ ತಪ್ಪೇನೂ ಇಲ್ಲ. ಆದರೆ ಅದೇ ಮಾತನ್ನು ಅಮ್ಮ ಹಿಂದೊಮ್ಮೆ ಕೇಳಿದ್ದಳು, ಪುಟ್ಟಕ್ಕನ ಗಂಡನ ಊರಿನಲ್ಲಿ, ಅವಳು ಸತ್ತ ದಿನ. ಎಲ್ಲರೂ ಬಾವಿಯ ಹತ್ತಿರ ಇದ್ದಾರೆ ಎಂದು.

ನಾನು ನೀರಿನ ನಡುವೆ ಇದ್ದೆ. "ವಿಮಲೀ!" ಎಂಬ ಕೂಗು ಬಾವಿಯ ಗೋಡೆಗೆಲ್ಲ ಬಡಿದು ಬಂತು. ತಲೆಯೆತ್ತಿದರೆ ಮೇಲೆ ಆಕಾಶಕ್ಕೆ ಅಡ್ಡವಾಗಿ ಅಮ್ಮ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮುಡಿ ಬಿಚ್ಚಿತ್ತು. ಗದ್ದೆಯ ಬದುವಿನ ಮೇಲೆ ಆ ಬಿಸಿಲಲ್ಲಿ ಓಡಿ ಬಂದಿದ್ದಳು. ಹುಡುಗರೆಲ್ಲ ಮೆಲ್ಲಗೆ ನೀರಿನಿಂದೆದ್ದು ಬಟ್ಟೆ ಹುಡುಕಿಕೊಂಡು ಮಾಯವಾದರು. ನಾನು ಈಜಿ ಮೆಟ್ಟಿಲಿಗೆ ಬಂದು, ಸೊಂಟಮಟ್ಟ ನೀರಿನಲ್ಲಿ ಕಲ್ಲು ಹಿಡಿದು ನಿಂತೆ.

ಆಫೀಸರುಗಳ ಹೆಂಡತಿಯರ ನಡುವೆ ನಾಜೂಕಾಗಿ ಮಾತಾಡುತ್ತಿದ್ದ ಅಮ್ಮನಿಗೆ ಆಗ ತವರಿನ ಭಾಷೆಯೇ ಬಾಯಿಗೆ ಬಂತು. "ಯಾರ್ಲಾ ಹೇಳಿದ್ದು ನಿಂಗೆ, ನನ್ ಮಗೀನ ಬಾವಿಗಿಳ್ಸು ಅಂತ? ಮಾತ್ ಕೊಟ್ಟಿದ್ಯಲ್ಲೋ ಗಂಗಣ್ಣ!"

ಮಾವ ಬಾಯಿ ತೆರೆಯುವ ಮೊದಲೇ ಅಜ್ಜಿ, ಮೆಟ್ಟಿಲ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದವಳು, "ನಾನ್ ಹೇಳ್ದೆ" ಎಂದಳು.

"ಒಬ್ಬಳು ಹೋಗಿದ್ದು ಸಾಲದೇನವ್ವಾ ನಿಂಗೆ?"

ಅಜ್ಜಿ ಬಾಯಲ್ಲಿದ್ದುದನ್ನು ಉಗಿದು ಬಂದು, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಒಬ್ಬಳು ಹೋದ್ಲು ಅಂತಾನೇ ಕಣ್ ರಾಜಿ. ಕುಂತ್ಕಾ."

"ನಾನ್ ಕುಂತ್ಕಳಾಕಿಲ್ಲ."

"ಆಯ್ತು, ನಿಂತ್ಕಂಡೇ ಕೇಳು. ನಂಗೆ ನಮ್ಮಪ್ಪ ಕಲಿಸಿದ್ದ, ಸಣ್ಣ ಮಗೀಲಿ, ಇಂಗೇ ಬೆಂಡು ಕಟ್ಟಿ. ನಾನ್ ನಿಮಗೆ ಕಲಿಸ್ನಿಲ್ಲ. ಹೆಣ್ಣೈಕ್ಳು ಬಾವೀಲಿ ಕುಣಿಯಾದ್ ಬ್ಯಾಡ ಅಂದ್ರು ನಮ್ಮತ್ತೆ, ನಾನೂ ಸುಮ್ಕಾದೆ." ಅಜ್ಜಿ ನೀರನ್ನು ನೋಡುತ್ತಾ ಹೇಳುತ್ತಿದ್ದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. "ಈ ಮನೇಗ್ ಬಂದ ಹೊಸದ್ರಲ್ಲಿ ಒಂದ್ಸಲ ನಾನೂ ಬಂದಿದ್ದೆ ಇಲ್ಲಿಗೆ. ಇದೇ ಬಾವಿಗೆ. ಬೆಳಕರಿಯೋ ವತ್ನಲ್ಲಿ."

"ಅವ್ವಾ..."

"ಬಿದ್ದೂ ಬಿದ್ದೆ. ಸಾಯ್ಬೇಕು ಅಂತ್ಲೇ ಬಿದ್ದೆ. ಮನಸು ಹೂಂ ಅಂದ್ರೂ ಈ ಕೈಕಾಲು ಒಪ್ಬೇಕಲ್ಲ? ಅವಕ್ ಈಜು ಗೊತ್ತಿತ್ತು, ನನ್ ಮಾತ್ ಕೇಳ್ನಿಲ್ಲ. ಬಡ್ಕಂಡು ಬಡ್ಕಂಡು ಈ ಮೆಟ್ಲಿಗ್ ತಂದ್ ಹಾಕಿದ್ವು. ಇನ್ನೇನ್ ಮಾಡಾದು? ಸೀರೆ ಹಿಂಡ್ಕಂಡು ಮನೇಗ್ ಹೋಗಿ ರಾಗಿ ಬೀಸ್ದೆ. ಪುಟ್ಟಿ ಆಗಿನ್ನೂ ಹುಟ್ಟಿರ್ನಿಲ್ಲ. ನೀನೂ ಹುಟ್ಟಿರ್ನಿಲ್ಲ."

ಅಜ್ಜಿ ಸೆರಗಿನ ಗಂಟಿನಿಂದ ಅಡಿಕೆ ತೆಗೆಯುತ್ತಾ, "ಪುಟ್ಟೀಗೂ ಈಜು ಬಂದಿದ್ರೆ ಅವಳೂ ಮನೇಗ್ ಹೋಗಿ ರಾಗಿ ಬೀಸಿರೋಳು" ಎಂದಳು.

ನನಗೆ ಆ ವಯಸ್ಸಿನಲ್ಲಿ ಎಲ್ಲವೂ ಅರ್ಥವಾಗಲಿಲ್ಲ. ಕಾಲು ಜಾರಿ ಬಿದ್ದಳು ಎಂಬ ನಮ್ಮ ಮನೆಯ ವಾಕ್ಯ ಅಂದು ಅಲ್ಲಿ ಮುಗಿದುಹೋಯಿತೆಂದು ಮಾತ್ರ ತಿಳಿಯಿತು. ಅದನ್ನು ಮತ್ತೆ ಯಾರೂ ಆಡಲಿಲ್ಲ. ಒದ್ದೆ ಫ್ರಾಕಿನಲ್ಲಿ ನಡುಗುತ್ತಾ ನಾನು ಯೋಚಿಸುತ್ತಿದ್ದುದು ತೀರಾ ಸಣ್ಣ ವಿಷಯ. ನನ್ನ ಬೆಂಡು ಬಿಚ್ಚುವ ದಿನ ಇನ್ನು ಬರುವುದಿಲ್ಲ. ಅಮ್ಮ ಈಗ ನನ್ನನ್ನು ಮೇಲಕ್ಕೆಳೆದು, ಟವಲು ಸುತ್ತಿ, ಸಂಜೆಯ ಬಸ್ಸಿಗೇ ಹೊರಡಿಸುತ್ತಾಳೆ.

ಅಮ್ಮ ಮೆಟ್ಟಿಲಿಳಿದು ಬಂದಳು. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾ, ಕಣ್ಣು ನೀರಿನ ಮೇಲೆ ಬೀಳದ ಹಾಗೆ ನನ್ನ ಮುಖವನ್ನೇ ನೋಡುತ್ತಾ ಇಳಿದಳು. ನನ್ನ ಭುಜ ಹಿಡಿದು ತಿರುಗಿಸಿದಳು. ಬೆನ್ನ ಮೇಲೆ ಅವಳ ಬೆರಳು ಆಡಿತು. ನೆನೆದ ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಹಗ್ಗ ಸಡಿಲವಾಯಿತು. ಬೆಂಡಿನ ಸೀಳು ನನ್ನ ಪಕ್ಕದಲ್ಲೇ ನೀರಿಗೆ ಬಿದ್ದು ತೇಲಿತು.

"ಹೋಗು" ಎಂದಳು.

"ಅಮ್ಮಾ?"

"ಹೋಗು ಅಂದ್ನಲ್ಲ. ನಾನ್ ನೋಡ್ತಿರ್ತೀನಿ."

ಹೊರಟೆ. ಬೆನ್ನು ಬೋಳಾಗಿ, ಹೆದರಿಕೆಯಾಗುವಷ್ಟು ಹಗುರವಾಗಿತ್ತು. ಪುಸ್ತಕದ ಬ್ರೆಸ್ಟ್ ಸ್ಟ್ರೋಕು ಒಂದೂ ನೆನಪಿಗೆ ಬರಲಿಲ್ಲ. ನಾಯಿಯ ಹಾಗೆ ಬಡಿದೆ. ನೀರು ಕುಡಿದೆ, ಮೂಗಿಗೆ ಏರಿತು, ಕೆಮ್ಮಿದೆ, ಮತ್ತೆ ಬಡಿದೆ. ಆಚೆಯ ಗೋಡೆಯ ಪಾಚಿ ಕೈಗೆ ಹತ್ತಿತು. ಕಲ್ಲಿನ ಸಂದಿಗೆ ಬೆರಳು ತೂರಿಸಿ ನೇತಾಡುತ್ತಾ ಹಿಂತಿರುಗಿ ನೋಡಿದೆ.

ನಾನು ನಿಂತಿದ್ದ ಮೆಟ್ಟಿಲನ್ನೂ ದಾಟಿ ಕೆಳಗಿಳಿದಿದ್ದಳು ಅಮ್ಮ. ನೀರು ಅವಳ ಎದೆಗೆ ಬಂದಿತ್ತು, ಸೀರೆಯ ಸೆರಗು ಸುತ್ತ ಅಗಲವಾಗಿ ತೇಲುತ್ತಿತ್ತು, ಎರಡೂ ಕೈ ನನ್ನ ಕಡೆಗೆ ಚಾಚಿತ್ತು. ತಾನು ಬಾವಿಯೊಳಗೆ ನಿಂತಿದ್ದೇನೆಂಬುದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಅಜ್ಜಿ ಅದನ್ನು ನೋಡಿದಳು. ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡು, ಮಾವನ ಕಡೆ ತಿರುಗಿ, "ಲೇ ಗಂಗಣ್ಣ, ಇನ್ನೊಂದ್ ಬೆಂಡು ಕಡ್ಕಂಬಾ. ದಪ್ಪಂದು ನೋಡಿ ಕಡಿ" ಎಂದಳು.

ಬೇಡ ಎಂದು ಅಮ್ಮ ಹೇಳಲಿಲ್ಲ.